ಜೊಂಡಿಗೆ ಕಟ್ಟಿದ ಚಿಂದಿ

ಕೊಕ್ಕನೂರಿನ ನಮ್ಮ ಕೆರೆಗೆ ಇನ್ನೂ ಜೊಂಡಿನ ಅಂಚಿದ್ದ ದಿನಗಳವು. ಮಳೆಗಾಲದಲ್ಲಿ ಹಸಿಕೆಸರಿನ ವಾಸನೆ ಪೂಜೆಯ ಕೋಣೆಯವರೆಗೂ ಬರುತ್ತಿತ್ತು. ನಸುಕಿನಲ್ಲಿ ಅಪ್ಪಾಜಿ ನನಗೆ ರುದ್ರಪಾಠ ಹೇಳಿಕೊಡುವ ಹೊತ್ತಿಗೆ ಜೊಂಡಿನೊಳಗಿಂದ ಒಂದು ಹಕ್ಕಿ ಹಾಡುತ್ತಿತ್ತು. ಗುಬ್ಬಿಯ ಗಾತ್ರ, ಒಣಹುಲ್ಲಿನ ಬಣ್ಣ. ಅದನ್ನು ಕಂಡವರು ಕಡಿಮೆ. ಕೇಳಿದವರು ಮಾತ್ರ ಪಾಠವನ್ನೂ ಮರೆಯುತ್ತಿದ್ದರು.

ಅದರ ನೆಲೆಯನ್ನು ನನಗೆ ತಿಳಿಸಿದವರು ಜೊಂಡು ಕೊಯ್ದು ಚಾಪೆ ಹೆಣೆಯುತ್ತಿದ್ದ ಹುಸೇನಜ್ಜ.

"ಏನ್ರಿ ಸಣ್ಣಯ್ಯನೋರ, ಪಾಠ ತಪ್ಸಿ ಬಂದ್ರ್ಯಾ? ಕೇಳ್ರಿ ಇಲ್ಲಿ. ಇದು ಹೊಳೆ ದಂಡೆಗೂ ಇರಲ್ಲ, ಗದ್ದೆಗೂ ಇರಲ್ಲ. ಮೊಣಕಾಲುದ್ದ ನೀರಾಗೆ ಜೊಂಡು ನಿಂತಿರಬೇಕು. ನಂದಿಗುಡಿ ಕಡೆ ಇದ್ವು, ಕಡರನಾಯಕನಹಳ್ಳಿ ತಗ್ಗಿನಾಗೂ ಇದ್ವು. ಈಗ ಇಲ್ಲಿ ಮಾತ್ರ ಐತೆ."

ಗೂಡಿರುವ ಜೊಂಡಿಗೆ ಅವರು ಹಳೆಯ ಲುಂಗಿಯ ಚಿಂದಿ ಕಟ್ಟುತ್ತಿದ್ದರು. ಅದರ ಸುತ್ತ ಯಾರೂ ಕುಡುಗೋಲು ಹಾಕುವಂತಿರಲಿಲ್ಲ. ಇದು ಆಳುಗಳಿಗೆ ಗೊತ್ತಿತ್ತು, ನನಗೆ ಗೊತ್ತಿರಲಿಲ್ಲ.

ನನಗೆ ದೀಕ್ಷೆಯಾದ ವರ್ಷ ಕೆರೆ ತುಂಬಿತು. ಬಾಗಿನಕ್ಕೆ ದಿನ ನಿಶ್ಚಯವಾಯಿತು. ಹೆಂಗಸರು ನೀರಿಗಿಳಿಯಲು ದಂಡೆಯ ಜೊಂಡು ಕೊಯ್ಯಬೇಕಿತ್ತು. "ನೀರಿನ ಹತ್ರ ಮೈಲಿಗೆ ಏನೂ ಇರಬಾರದು, ನೋಡ್ಕೊಂಡು ಬಾರಪ್ಪ" ಎಂದು ಅಪ್ಪಾಜಿ ನನ್ನನ್ನು ಕಳುಹಿಸಿದರು. ಚಿಂದಿಗಳು ಕಂಡವು. ಗಂಗಮ್ಮನ ಮೈಮೇಲೆ ಉಟ್ಟು ಹರಿದ ಬಟ್ಟೆಯೇ ಎಂದು ನೊಂದು, ಪಂಚಾಕ್ಷರಿ ಜಪಿಸುತ್ತ ಒಂದೊಂದನ್ನೇ ಬಿಚ್ಚಿದೆ. "ಶಾಣ್ಯಾ ಆಗೀಯಲ್ಲೋ" ಎಂದು ಅಪ್ಪಾಜಿ ಶೇಂಗಾ ಉಂಡೆ ಕೊಟ್ಟರು.

ಹುಸೇನಜ್ಜ ಆ ದಿನ ಚಾಪೆ ಮಾರಲು ದಾವಣಗೆರೆಗೆ ಹೋಗಿದ್ದರು. ಸಂಜೆ ಮರಳುವಷ್ಟರಲ್ಲಿ ಜೊಂಡೆಲ್ಲ ದಂಡೆಯ ಮೇಲೆ ರಾಶಿಯಾಗಿತ್ತು.

"ಚಿಂದಿ ಕಟ್ಟಿದ್ನಲ್ಲೋ!"

"ಎಲ್ಲೈತಜ್ಜ ಚಿಂದಿ? ಒಂದೂ ಇರ್ಲಿಲ್ಲ" ಎಂದ ಆಳು.

"ನಾನೇ ಬಿಚ್ಚಿದೆ, ಅಜ್ಜ. ಮೈಲಿಗೆ ಅಂತ..."

ಅವರು ರಾಶಿಯನ್ನು ಕೈಯಿಂದ ಸರಿಸಿದರು. ಮೂರು ಕಡ್ಡಿಗಳ ನಡುವೆ ಹೆಣೆದ ಬಟ್ಟಲಿನಂಥ ಗೂಡು ಸಿಕ್ಕಿತು. ಮರಿಗಳ ಬಾಯಿ ತೆರೆದೇ ಇತ್ತು, ಮೈ ತಣ್ಣಗಾಗಿತ್ತು. ಆಮೇಲೆ ಇನ್ನೊಂದು ಗೂಡು, ಮತ್ತೊಂದು.

"ಜೊಂಡು ಮತ್ತೆ ಚಿಗುರುತ್ತಲ್ಲ ಅಜ್ಜ?"

"ಚಿಗೀತೈತೆ. ಅವು ನಂಬಿ ಬರ್ಬೇಕಲ್ರಿ ಸಣ್ಣಯ್ಯನೋರ."

ಮರುದಿನ ಬಾಗಿನದಲ್ಲಿ ಮಂತ್ರ ಹೇಳಿದೆ. ಬಡಿಸಿದ ಹುಗ್ಗಿಯನ್ನು ಮುಟ್ಟದೆ ಎದ್ದೆ. ಮುಂದಿನ ಮಳೆಗೆ ಜೊಂಡು ಆಳೆತ್ತರ ಬೆಳೆಯಿತು. ನಸುಕಿನಲ್ಲಿ ನಾನು ಪಾಠ ನಿಲ್ಲಿಸಿ ಕಾದೆ. ಅಪ್ಪಾಜಿಯೂ ಗದರದೆ ಕಾದರು. ಕಪ್ಪೆಗಳಷ್ಟೇ ಕೂಗಿದವು.

ಈಗ ಜೊಂಡೂ ಇಲ್ಲ. ಕೆರೆಯಂಚಿಗೆ ಕಲ್ಲು ಕಟ್ಟಿದ್ದಾರೆ, ಆಚೆಗೆಲ್ಲ ಭತ್ತ. ಕಳೆದ ವರ್ಷ ಹಕ್ಕಿಗಳ ನೆಲೆ ಗುರುತಿಸುವ ತರುಣನೊಬ್ಬ ನಕ್ಷೆ ಹಿಡಿದು ಬಂದಿದ್ದ.

"ಅಜ್ಜಾರ, ಈ ಹಕ್ಕಿ ನಮ್ಮ ಕಡೆ ಇತ್ತು ಅಂತ ಎಲ್ಲೂ ದಾಖಲೆ ಇಲ್ರಿ. ನೀವು ಕೇಳಿದ್ರೇನು?"

ಕೇಳಿದ್ದೆನೆಂದು ಹೇಳಿ ಜಾಗ ತೋರಿಸಿದೆ. ಹರಿಹರ ಸೀಮೆಯ ಮೇಲೆ ಅವನು ಒಂದೇ ಒಂದು ಚುಕ್ಕೆ ಇಟ್ಟ. ಮರೆಯಾದ ಕಾರಣ ಬರೆಯುವ ಜಾಗವನ್ನು ಖಾಲಿ ಬಿಟ್ಟು ಏಳಲು ಹೊರಟಾಗ ಅವನ ಕೈ ಹಿಡಿದು ಕೂರಿಸಿದೆ. ಅಲ್ಲಿ ನನ್ನ ಹೆಸರು ಬರೆಸಿದೆ.