ಹಗ್ಗದಕ್ಕನ ಹಗೆ

ಹಗ್ಗದಕ್ಕನ ಮುತ್ತಜ್ಜ ಎರಡು ದೇಶಗಳ ಗಡಿಯಾದ ನಮ್ಮ ಹೊಳೆಗೆ ಮೊದಲ ಹಗ್ಗ ಕಟ್ಟಿದವನು. ಎರಡು ದಡಗಳಿಗೂ ಬಿಗಿದ ಆ ಹಗ್ಗವನ್ನು ಜಗ್ಗುತ್ತಲೇ ದೋಣಿ ದಾಟಬೇಕು. ಅಜ್ಜ, ಆಚೆ ದೇಶದ ಸಿಪಾಯಿಗಳು ದೋಣಿ ತುಂಬ ಬಂದಾಗ ಅದನ್ನು ಕಡಿದು, ಕಡಿದವನು ನಾನೇ ಎಂದು ಸಾಯುವವರೆಗೂ ಮೀಸೆ ತಿರುವಿದವನು. ಜಗಳ ತಣ್ಣಗಾದ ಮೇಲೆ ಅಪ್ಪ ಅದೇ ಕಂಬಗಳಿಗೆ ಹೊಸ ಹಗ್ಗ ಹೊಸೆದು ಕಟ್ಟಿದ. ಇವರ ಮನೆ ಹಗ್ಗ ತಾನಾಗಿ ಹರಿಯಿತು ಎಂದವರನ್ನು ನಾನಂತೂ ಕಂಡಿಲ್ಲ, ಒಬ್ಬನನ್ನು ಬಿಟ್ಟು.

ಆ ಒಬ್ಬ ಆಚೆ ದಡದ ದೋಣಿಕಟ್ಟೆ ಕಾಯುವ ಮೆಳ್ಳ. ಹಗ್ಗದಕ್ಕನ ಒಬ್ಬನೇ ಮಗ ಒಮ್ಮೆ ಅವನಿಗೆ ಜನರೆದುರು, “ನಿಂದೊಂದು ಕಣ್ಣು ಹೊಳೆ ಮೇಲೆ, ಇನ್ನೊಂದು ಗಿರಾಕಿ ಜೇಬಿನ ಮೇಲೆ” ಅಂದುಬಿಟ್ಟ. ಊರೆಲ್ಲ ನಕ್ಕಿತು, ಮೆಳ್ಳ ನಗಲಿಲ್ಲ. ಹೊಳೆ ತುಂಬಿದ ಒಂದು ಮಧ್ಯಾಹ್ನ, ಮಗ ಒಬ್ಬನೇ ನಡುನೀರಿನಲ್ಲಿದ್ದಾಗ, ಆ ದಡದ ಕಂಬದ ಬಳಿ ಹಗ್ಗ ತುಂಡಾಯಿತು. ದೋಣಿಯ ಜೊತೆ ಮಗನೂ ಕೊಚ್ಚಿಹೋದ. ಹಗ್ಗ ಕೊಳೆತಿತ್ತು ಎಂದ ಮೆಳ್ಳ. ಆ ದಡದ ನ್ಯಾಯ ಅವನ ಮಾತನ್ನೇ ನಂಬಿತು. ಈ ದಡಕ್ಕೆ ತೇಲಿಬಂದ ತುದಿಯನ್ನು ನಾನೂ ಮುಟ್ಟಿ ನೋಡಿದ್ದೇನೆ. ಹರಿದ ಹಗ್ಗ ಕೆದರಿದ ಜಡೆಯ ಹಾಗಿರುತ್ತದೆ. ಇದು ಸೌತೆಕಾಯಿ ಕೊಯ್ದ ಹಾಗಿತ್ತು.

ಹಗ್ಗದಕ್ಕ ಅಳಲಿಲ್ಲ. ಮಗನ ಕೆಂಪು ಅಂಗಿಯನ್ನು ಆಚೆ ದಡದ ಮೆಳ್ಳನ ಕಿಟಕಿಗೆ ಎದುರಾಗಿ ಈ ದಡದಲ್ಲಿ ತಂತಿಯ ಮೇಲೆ ಹರವಿದಳು. ಬೆಳಿಗ್ಗೆ ಹರವುವುದು, ಸಂಜೆ ಮಡಚುವುದು. ಮೆಳ್ಳ ಕಿಟಕಿಗೆ ಇಟ್ಟಿಗೆ ಕಟ್ಟಿಸಿದ. ಇವಳು ತಂತಿಯನ್ನು ದೋಣಿಕಟ್ಟೆಯ ಎದುರಿಗೆ ಸರಿಸಿ, “ಊರಿಗೆ ಬಂದವನು ನೀರಿಗೆ ಬರದೆ ಇರ್ತಾನಾ?” ಎಂದಳು. ಮೆಳ್ಳ ಬಡಕಲಾದ. ಕಡಿದದ್ದು ಹೌದೋ ಅಲ್ಲವೋ ಎಂದು ಅವನ ಹೆಂಡತಿಯೇ ಪೀಡಿಸುತ್ತಾಳಂತೆ ಎಂದು ಮೀನಿನವರು ಸುದ್ದಿ ತಂದ ದಿನ, ಹಗ್ಗದಕ್ಕ ಎರಡು ತುತ್ತು ಹೆಚ್ಚು ಉಂಡಳು.

ಅಷ್ಟರಲ್ಲಿ ಆಚೆ ದೇಶ ದೂರದ ದೊಡ್ಡ ದೇಶಗಳ ಸೇನಾಕೂಟಕ್ಕೆ ಸೇರಿತು. ಕೂಟ ಬೆಳೆಬೆಳೆದು ನಮ್ಮ ಹೊಳೆಯಲ್ಲೇ ಕಾಲು ತೊಳೆಯುವಂತಾಯಿತು. ನೆರೆಮನೆಯವನು ದೊಣ್ಣೆ ಹಿಡಿದ ಭಾವಮೈದುನರನ್ನೆಲ್ಲ ಕರೆದು ಜಗಲಿಯಲ್ಲಿ ಕೂರಿಸಿಕೊಂಡರೆ ಈಚೆಯವನು ಕೊಡಲಿ ಮಸೆಯದೆ ಇರುತ್ತಾನೆಯೇ? ನಮ್ಮ ಗುಡ್ಡಕ್ಕೂ ಫಿರಂಗಿಗಳು ಏರಿದವು. ಒಂದು ದಿನ ನಮ್ಮ ಸೈನ್ಯದ ಮೇಜರ್ ಒಬ್ಬ ಕ್ಯಾಮೆರಾದವನನ್ನು ಕಟ್ಟಿಕೊಂಡು ಹಗ್ಗದಕ್ಕನ ಚಪ್ಪರಕ್ಕೆ ಬಂದ. ಅವಳು ನಾರು ಹೊಸೆಯುತ್ತಿದ್ದಳು, ನಾನು ಇನ್ನೊಂದು ತುದಿ ಹಿಡಿದಿದ್ದೆ.

“ಅಮ್ಮಾ, ನಿಮ್ಮ ಮಗನ್ನ ಕೊಂದದ್ದು ಆ ಕೂಟದ ಸೈನಿಕರು ಅಂತ ಇದರ ಮುಂದೆ ಹೇಳಿ, ಸಾಕು. ಅವರು ನಮ್ಮ ಬಾಗಿಲಿಗೇ ಬಂದು ನಿಂತಿದಾರೆ. ಮೊದಲ ಏಟು ನಾವೇ ಹಾಕಬೇಕು, ಅದಕ್ಕೊಂದು ಕಾರಣ ಬೇಕು.”

“ಹೇಳಿದ್ರೆ?”

“ಗುಡ್ಡದಿಂದ ಆ ದಡಾನೇ ಉಡಾಯಿಸ್ತೀವಿ. ನಿಮ್ಮ ಮೆಳ್ಳನೂ ಅದರಲ್ಲೇ ಹೋಗ್ತಾನೆ.”

ಅವಳ ಕಣ್ಣು ಮಿಂಚಿತು. ಒಪ್ಪಿಬಿಟ್ಟಳು ಎಂದುಕೊಂಡೆ.

“ಗುಂಡು ಬೀಳೋ ಮುಂಚೆ ಅವನು ಒಪ್ಕೋತಾನಾ?”

“ಏನನ್ನ?”

“ಹಗ್ಗ ಕಡಿದದ್ದು ನಾನೇ ಅಂತ.”

ಮೇಜರ್ ನಕ್ಕ. “ಗುಂಡೇನು ಪಂಚಾಯ್ತಿ ಮಾಡಿ ಬೀಳುತ್ತಾ ಅಮ್ಮಾ? ಅವನಿಗೆ ಉಸಿರೆಳೆಯೋಕೂ ಪುರುಸೊತ್ತಿರಲ್ಲ.”

“ಸತ್ತ ಮೇಲೆ ಆ ಕಡೆಯವರು ಅವನನ್ನ ಏನಂತಾರೆ?”

“ಹುತಾತ್ಮ ಅಂತಾರೆ, ಕಲ್ಲು ನೆಡ್ತಾರೆ. ಅವರ ಹಣೆಬರಹ.”

ಹಗ್ಗದಕ್ಕ ನಾರನ್ನು ನೆಲಕ್ಕೆ ಬಿಸಾಡಿದ ರಭಸಕ್ಕೆ ಕ್ಯಾಮೆರಾದವನು ಹಿಂದೆ ಸರಿದ.

“ಏಳಪ್ಪಾ ಮೇಲೆ. ಕಾರಣ ಬೇಕಾದ್ರೆ ನಿನ್ನ ಮನೆಯಲ್ಲೇ ಒಂದು ಹೆಣ ಹುಡುಕ್ಕೋ. ನನ್ನ ಮಗನ್ನ ತಿಂದ ಬಾಯಿ ಅದೊಂದೇ. ಆ ಬಾಯಿ ನಿಜ ಕಕ್ಕೋವರೆಗೂ ಅವನು ಬದುಕಿರಬೇಕು, ನೂರು ವರ್ಷ ಆದ್ರೂ ಸರಿ, ಹಲ್ಲೆಲ್ಲ ಉದುರಿದ್ರೂ ಸರಿ. ನಿನ್ನ ಫಿರಂಗಿ ಅವನನ್ನ ಕೊಂದ್ರೆ ಕೊಲೆಗಾರನಿಗೆ ಕಲ್ಲು, ನನ್ನ ಮನೆತನಕ್ಕೆ ಕೊಳೆತ ಹಗ್ಗ. ಇಷ್ಟು ದೊಡ್ಡ ಉಪಕಾರ ನನಗೆ ಬೇಡ, ನಡಿ.”