ನಾಲ್ಕು ಗಿಡದ ಖಂಪುನ್

ಫೂಫಾನ್ ಬೆಟ್ಟದ ಬುಡದ ಆ ಊರಲ್ಲಿ ಕೋಳಿಸಾರು ಮಾರುತ್ತಿದ್ದ ಖಂಪುನ್ ಮಾಡಿದ ಘೋರ ಅಪರಾಧವೆಂದರೆ ಅಡುಗೆಮನೆಯ ಹಿಂದೆ ನಾಲ್ಕು ಗಾಂಜಾ ಗಿಡ ಬೆಳೆಸಿದ್ದು. ಅವಳ ಅಜ್ಜಿ, ಮುತ್ತಜ್ಜಿ ಎಲ್ಲರೂ ಸಾರಿಗೆ ಎರಡೆಲೆ ಹಾಕಿದವರೇ. ಅವರು ಸಕಾಲದಲ್ಲಿ ತೀರಿಕೊಂಡು ಬಚಾವಾಗಿದ್ದರು.

ಖಂಪುನ್‌ಗೆ ಎಲೆ ಬೇಕಾಗಿದ್ದು ಗಂಡ ಬುನ್‌ಲೈಗಾಗಿ. ಲಿವರ್ ಕ್ಯಾನ್ಸರ್ ಅವನನ್ನು ಹಿಂಡಿಹಾಕಿತ್ತು. ಎಲೆ ಹಾಕಿದ ಸಾರು ಕುಡಿದ ದಿನ ಮಾತ್ರ ನಾಲ್ಕು ತುತ್ತು ಅಂಟನ್ನ ಹೊಟ್ಟೆಗೆ ಇಳಿಯುತ್ತಿತ್ತು, ಕಣ್ಣಿಗೆ ನಿದ್ದೆ ಹತ್ತುತ್ತಿತ್ತು. ಇಂಥ ದೇಶದ್ರೋಹವನ್ನು ಎಷ್ಟು ದಿನ ಸಹಿಸುವುದು? ಇನ್ಸ್‌ಪೆಕ್ಟರ್ ಥಾನೋಂಗ್ ಎಂಟು ಪೊಲೀಸರನ್ನು ಕಟ್ಟಿಕೊಂಡು ಬಂದ. ಗಿಡಕ್ಕೆ ಇಬ್ಬರಂತೆ.

"ಮಾರೋಕಲ್ಲ ಸಾಹೇಬ್ರೆ. ಅವ್ರು ಉಣ್ಲಿ ಅಂತ ಬೆಳೆಸಿದ್ದು" ಎಂದಳು ಖಂಪುನ್.

"ಎಲ್ರೂ ಹಿಂಗೇ ಅಂತಾರೆ ಅಕ್ಕಾ. ಇವತ್ತು ನಿನ್ ಗಂಡ ತಿಂತಾನೆ, ನಾಳೆ ಊರ ಮಕ್ಳು ತಿಂತಾರೆ. ನೀತಿ ಅನ್ನೋದು ಬೇಡ್ವಾ?"

ನೀತಿ ಗೆದ್ದಿತು. ಖಂಪುನ್‌ಗೆ ಹದಿನಾಲ್ಕು ತಿಂಗಳು ಜೈಲಾಯಿತು. ಮೂರನೆಯ ತಿಂಗಳು ಬುನ್‌ಲೈ ಸತ್ತ. ಹಸಿದು, ನರಳಿ, ಆದರೆ ಕಾನೂನಿಗೆ ಎಳ್ಳಷ್ಟೂ ಭಂಗ ಬಾರದಂತೆ. ಅವಳು ಹೊರಬಂದಾಗ ಊರು ಅವಳಿಗೊಂದು ಬಿರುದು ಕೊಟ್ಟಿತ್ತು: ನಾಲ್ಕು ಗಿಡದ ಖಂಪುನ್.

ಹದಿಮೂರು ವರ್ಷ ಕಳೆದವು. ಒಂದು ಬೆಳಿಗ್ಗೆ ಎದ್ದು ನೋಡಿದರೆ ಗಾಂಜಾ ಮೂಲಿಕೆಯಾಗಿತ್ತು. ಗಿಡ ಅದೇ, ಎಲೆ ಅದೇ. ಬದಲಾಗಿದ್ದು ಬರೀ ಕಾನೂನಿನ ಕಾಗದ. ಪೇಟೆಯಲ್ಲಿ ಸಭೆ ಮಾಡಿ ಪುಕ್ಕಟೆ ಸಸಿ ಹಂಚಿದರು. ಖಂಪುನ್ ಕೈಗೆ ಸಸಿ ಕೊಟ್ಟು ಫೋಟೋಕ್ಕೆ ಹಲ್ಲು ಕಿರಿದವನು, ನಿವೃತ್ತನಾಗಿ ಮೂಲಿಕೆಯ ಭಕ್ತನಾಗಿದ್ದ ಥಾನೋಂಗ್.

"ಎರಡು ಮಾತಾಡಕ್ಕಾ" ಎಂದು ಅವಳ ಬಾಯಿಗೆ ಮೈಕು ಹಿಡಿದ.

"ನಾಲ್ಕು ಕಿತ್ಕೊಂಡು ಹೋಗಿದ್ರಿ. ಇದೊಂದು ಬಂತು. ಇನ್ನು ಮೂರು ಬರ್ಬೇಕು" ಎಂದಳು ಖಂಪುನ್. ಸಭೆ ಬಿದ್ದು ಬಿದ್ದು ನಕ್ಕಿತು. ಅವಳು ನಗಲಿಲ್ಲ.

ಆ ತಿಂಗಳೇ ಥಾನೋಂಗ್ ಗಾಜಿನ ಬಾಗಿಲಿನ ಗಾಂಜಾ ಅಂಗಡಿ ತೆರೆದ. ಅವಳ ಸಾರಿನ ಪಾಕವಿಧಾನವನ್ನೂ ಕೇಳಿಕೊಂಡು ಬಂದ.

"ಹಿರೀಕರ ವಿದ್ಯೆ ಅಕ್ಕಾ ಇದು. ಬೆಳೆದ ಮನುಷ್ಯ ತನ್ನ ಮೈಗೆ ಏನ್ ಹಾಕ್ಕೋಬೇಕು ಅಂತ ಸರ್ಕಾರ ಯಾಕ್ ಹೇಳ್ಬೇಕು?"

"ಈ ಮಾತನ್ನ ಆವತ್ತು ಎಲ್ಲಿಟ್ಟಿದ್ರಿ ಸಾಹೇಬ್ರೆ?"

"ಆವತ್ತು ಕಾನೂನು ಬೇರೆ ಇತ್ತು."

"ನನ್ ಗಂಡನ ಹೊಟ್ಟೆ ಅದೇ ಇತ್ತು" ಎಂದು ಖಂಪುನ್ ಕೋಳಿ ಕತ್ತರಿಸತೊಡಗಿದಳು. ಪಾಕ ಹೇಳಲಿಲ್ಲ.

ಮರುವರ್ಷ ಪಕ್ಕದ ಮನೆಯ ಮಲಿವನ್ ಮಗಳು ಫಿಮ್, ಹದಿಮೂರರ ಹುಡುಗಿ, ಶಾಲೆಯಲ್ಲಿ ಗೆಳತಿ ಕೊಟ್ಟ ಬಣ್ಣದ ಮಿಠಾಯಿ ತಿಂದು ಆಸ್ಪತ್ರೆ ಸೇರಿದಳು. ವಾಂತಿ, ನಡುಕ, ಎರಡು ದಿನ ತಾಯಿಯ ಗುರುತೇ ಇಲ್ಲ. ಮಿಠಾಯಿ ಬಂದದ್ದು ಆ ಗಾಜಿನ ಬಾಗಿಲಿನಿಂದ. ಮಲಿವನ್ ಮಾತ್ರ ಅಳುತ್ತ ಬಂದು ನಿಂತದ್ದು ಖಂಪುನ್ ಒಲೆಯ ಮುಂದೆ.

"ನಿನ್ನಂಥೋರು ಇದನ್ನ ಔಷಧಿ ಔಷಧಿ ಅಂತ ಹೊಗಳಿದ್ದಕ್ಕೇ ಅತ್ತೆ, ಹಿಂಗಾಗಿದ್ದು."

ಖಂಪುನ್‌ಗೆ ಜೈಲಿನಲ್ಲೂ ತಾನು ತಪ್ಪಿತಸ್ಥೆ ಅನ್ನಿಸಿರಲಿಲ್ಲ; ಈಗ ಅನ್ನಿಸಿತು. ಎರಡು ದಿನ ಅಂಗಡಿ ಮುಚ್ಚಿ ಆಸ್ಪತ್ರೆಯ ಬೆಂಚಿನ ಮೇಲೆ ಮಲಿವನ್ ಪಕ್ಕ ಕೂತಳು. ಆಮೇಲೆ, ಕಾನೂನು ಸಡಿಲವಾದಂದಿನಿಂದ ಮತ್ತೆ ಸಾರಿಗೆ ಹಾಕುತ್ತಿದ್ದ ಎಲೆಯನ್ನು ಬಿಟ್ಟಳು.

ಕಾನೂನು ಮತ್ತೆ ಮಗ್ಗುಲು ಬದಲಿಸಿತು. ಡಾಕ್ಟರ ಚೀಟಿಯಿಲ್ಲದೆ ಗಾಂಜಾ ಹೂ ಕೊಡುವಂತಿಲ್ಲ ಎಂದಾಯಿತು. ಥಾನೋಂಗ್ ಗಾಜಿನ ಬಾಗಿಲಿನ ಹಿಂದೆ ಕಾಫಿ ಮಾರತೊಡಗಿದ. ಶಾಲೆಯ ಸಭೆಯಲ್ಲಿ ಮಾದಕ ವಸ್ತುವಿನ ಕೇಡಿನ ಬಗ್ಗೆ ಮುಕ್ಕಾಲು ಗಂಟೆ ಮಾತಾಡಿದ. ಅನುಭವಸ್ಥನಲ್ಲವೇ, ಚೆನ್ನಾಗಿಯೇ ಮಾತಾಡಿದ.

ಹೆಡ್‌ಮಾಸ್ತರರು ಸಭೆಗೆ ಬಂದಿದ್ದ ಖಂಪುನ್ ಕಡೆ ತಿರುಗಿದರು. "ನೀವ್ಯಾವ ಕಡೆ ಅಮ್ಮಾ? ಇರ್ಬೇಕಾ, ಬೇಡ್ವಾ?"

"ನೋವಿರೋರಿಗೆ ಕೊಡ್ಲಿಲ್ಲ ಅಂದ್ರೆ ಪಾಪ. ಮಕ್ಳ ಕೈಗೆ ಕೊಟ್ರೂ ಪಾಪ. ಇಷ್ಟೇ ನಂಗೆ ಗೊತ್ತಿರೋದು. ಎರಡನ್ನೂ ಮಾಡ್ದೋರು ಇಲ್ಲೇ ಕೂತವ್ರೆ, ಅವ್ರನ್ನ ಕೇಳಿ."

ಥಾನೋಂಗ್ ಫೋನು ನೋಡಿಕೊಳ್ಳುತ್ತಿದ್ದ.

ಆ ಬೇಸಿಗೆಯಲ್ಲಿ ಮಲಿವನ್ ಹಿತ್ತಲ ಬಾಗಿಲಿಂದ ಬಂದಳು. ಅವಳ ತಾಯಿಗೆ ಕರುಳಿನ ಕ್ಯಾನ್ಸರ್. ಚೀಟಿ ಕೊಡುವ ಡಾಕ್ಟರು ರಜೆಯಲ್ಲಿದ್ದರು, ಮುಂದಿನ ವಾರ ಬರುತ್ತಾರಂತೆ. ನೋವು ಮಾತ್ರ ರಜೆ ಹಾಕಿರಲಿಲ್ಲ.

"ಅತ್ತೆ, ಆವತ್ತು ಬಾಯಿಗೆ ಬಂದಂಗೆ ಅಂದ್ಬಿಟ್ಟೆ…"

"ಅದೆಲ್ಲ ಇರ್ಲಿ. ಅಮ್ಮ ಏನಾದ್ರೂ ಉಂಡ್ಲಾ?"

ಮಲಿವನ್ ಇಲ್ಲವೆಂದು ತಲೆಯಲ್ಲಾಡಿಸಿದಳು. ಪೇಟೆಯ ಸಭೆಯಲ್ಲಿ ಕೊಟ್ಟ ಸಸಿಯ ಬೀಜದಿಂದ ಹುಟ್ಟಿದ ಗಿಡ ಈಗ ಹಿತ್ತಲಲ್ಲಿ ಆಳೆತ್ತರ ಬೆಳೆದು ಹೂ ಬಿಟ್ಟಿತ್ತು. ಸಿಕ್ಕಿಬಿದ್ದರೆ ಏನಾಗುತ್ತದೆಂದು ಆ ಊರಲ್ಲಿ ಖಂಪುನ್‌ಗಿಂತ ಚೆನ್ನಾಗಿ ಬಲ್ಲವರಿರಲಿಲ್ಲ. ಅವಳು ಒಣಗಿಸಿಟ್ಟಿದ್ದ ಹೂವನ್ನು ಬಾಳೆಲೆಯಲ್ಲಿ ಕಟ್ಟಿ ಮಲಿವನ್ ಕೈಗಿಟ್ಟಳು.

"ಚಿಟಿಕೆಯಷ್ಟೇ ಹಾಕು. ಫಿಮ್ ಕೈಗೆ ಸಿಗದಂಗೆ ಇಡು" ಎಂದು ಒಲೆಯ ಕಡೆ ತಿರುಗಿದಳು, ಸಾರು ಉಕ್ಕುತ್ತಿತ್ತು.