ಮೀಟರಕ್ಕ ಅಳೆಯುವ ದಾರಿ

ಬೆಳಗಿನ ಆರು ಗಂಟೆ. ಗೋದಾಮಿನ ಗೋಡೆಗೂ ಚರಂಡಿಗೂ ನಡುವೆ ಉಳಿದ ಸಂದಿಯಲ್ಲಿ ಮೀಟರಕ್ಕ ಕುಕ್ಕರಗಾಲಲ್ಲಿ ಕೂತು ಅಳತೆ ಟೇಪು ಎಳೆಯುತ್ತಿದ್ದಾರೆ. ಅವರ ಸಮುದಾಯದ ಸ್ಮಶಾನಕ್ಕೆ ಈಗ ಇರುವುದು ಇದೊಂದೇ ದಾರಿ. ಅಗಲ ಒಂದು ಮುಕ್ಕಾಲು ಅಡಿ. "ಹೋದ ತಿಂಗಳು ಎರಡಡಿ ಇತ್ತು. ಗೋಡೆಗೂ ಹೊಟ್ಟೆ ಬರುತ್ತೋ ಏನೋ!" ಎಂದು ಗೊಣಗುತ್ತಾ ಬರೆದುಕೊಳ್ಳುತ್ತಾರೆ. ಗೋಡೆಗೆ ಹೊಸದಾಗಿ ಗಾರೆ ಮೆತ್ತಿದ್ದಾರೆ, ಅಷ್ಟೆ.

ಇಪ್ಪತ್ತೊಂಬತ್ತು ವರ್ಷ ಮನೆಮನೆಗೆ ಹೋಗಿ ಕರೆಂಟಿನ ಮೀಟರ್ ಓದಿದ್ದಕ್ಕೆ ಅಂಟಿಕೊಂಡ ಹೆಸರದು. ನಿವೃತ್ತಿಯಾದರೂ ಕಾಲಿಗೆ ಪುರುಸೊತ್ತಿಲ್ಲ. ಊರಲ್ಲಿ ನೂರಕ್ಕೆ ಮೂವರಷ್ಟಿರುವ ಇವರ ಜನಕ್ಕೆ ಭಾಷೆಯೂ ಬೇರೆ, ಪ್ರಾರ್ಥನೆಯೂ ಬೇರೆ. ಇಂಥ ಅಲ್ಪಸಂಖ್ಯಾತರನ್ನು ಕಾಪಾಡಲು ಏನೇನು ಮಾಡಬೇಕೆಂದು ಅಂತರರಾಷ್ಟ್ರೀಯ ಮಾನವ ಹಕ್ಕುಗಳ ಸಮಿತಿಯೊಂದು ಐದು ವರ್ಷದ ಹಿಂದೆ ಸರ್ಕಾರಕ್ಕೆ ಅರವತ್ತೊಂದು ಶಿಫಾರಸು ಮಾಡಿತು. ಮೂವತ್ತೆಂಟರ ಮುಂದೆ "ಜಾರಿಯಾಗಿದೆ" ಎಂದು ಬರೆದು ಸರ್ಕಾರ ಕೈತೊಳೆದುಕೊಂಡಿದೆ. ಈ ಊರಿನ ಮಟ್ಟಿಗೆ ಅದು ನಿಜವೇ ಎಂದು ನೋಡಿ ಬರೆಯುವ ಕೆಲಸವನ್ನು ಸಮುದಾಯದ ಸಂಘ ಮೀಟರಕ್ಕನಿಗೆ ವಹಿಸಿದೆ.

ದಿನಕ್ಕೆ ಎಂಟೊಂಬತ್ತು ಕಿಲೋಮೀಟರ್ ನಡಿಗೆ. ಈವರೆಗೆ ನೋಡಿದ್ದು ಮೂವತ್ತೊಂದು, ನಿಜವಾಗಿದ್ದು ಹದಿಮೂರು. "ಎಲ್ಲಾ ಸುಳ್ಳು ಅನ್ನಬಾರ್ದು. ಪೊಲೀಸ್ ಠಾಣೆಗೆ ನಮ್ಮ ಭಾಷೆ ಬಲ್ಲೋರು ಬಂದಿದ್ದಾರೆ, ನಾನೇ ಹೋಗಿ ಮಾತಾಡಿಸಿ ಬಂದೆ. ಒಳ್ಳೆ ಹುಡುಗಿ."

ಮೊದಲ ವರ್ಷ ಅವರೇ ಎಡವಿದ್ದರು. ಸರ್ಕಾರಿ ಕಚೇರಿಯಲ್ಲಿ ಟೀ ಕೊಟ್ಟು, ಮಾತೃಭಾಷೆಯ ತರಗತಿಯ ಫೋಟೊ ತೋರಿಸಿದರು. ಇವರೂ "ಆಗಿದೆ" ಎಂದು ಬರೆದುಬಿಟ್ಟರು. ಹೋಗಿ ನೋಡಿದರೆ ಆ ಕೋಣೆಯಲ್ಲಿ ಮುರಿದ ಬೆಂಚುಗಳು! ಮಕ್ಕಳ ತಾಯಂದಿರು ಬೈದದ್ದು ಇನ್ನೂ ಕಿವಿಯಲ್ಲಿದೆ. ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಎನ್ನುತ್ತಾರೆ, ಇವರು ಪ್ರತ್ಯಕ್ಷವೂ ಕಂಡಿರಲಿಲ್ಲ. ನಾಚಿಕೆಯಿಂದ ವಾರವಿಡೀ ಹೊರಗೆ ಬರಲಿಲ್ಲವಂತೆ.

ಈ ವಾರ ಕುತ್ತಿಗೆಗೆ ಬಂದಿರುವುದು ಇಪ್ಪತ್ಮೂರನೆಯ ಶಿಫಾರಸು: ಅಲ್ಪಸಂಖ್ಯಾತರ ಸ್ಮಶಾನಗಳಿಗೆ ದಾರಿ ಬಿಡಿಸಿಕೊಡಬೇಕು. ಹಳೆಯ ದಾರಿಗೆ ಅಡ್ಡವಾಗಿ ಗೋದಾಮು ಎದ್ದ ಮೇಲೆ ಇವರ ಸತ್ತವರೆಲ್ಲ ವ್ಯಾನಿನಲ್ಲಿ ಮೂವತ್ತು ಕಿಲೋಮೀಟರ್ ದೂರದ ಊರಿಗೆ ಹೋಗುತ್ತಿದ್ದಾರೆ. ಮೀಟರಕ್ಕನ ಮಾವ ಮಲಗಿರುವುದು ಮಾತ್ರ ಇಲ್ಲೇ. ಅವರ ಪಕ್ಕದಲ್ಲೇ ತನ್ನನ್ನೂ ಮಲಗಿಸಬೇಕೆಂಬುದು ಎಂಬತ್ತೇಳರ ಅತ್ತೆಯ ಒಂದೇ ಆಸೆ. ಅತ್ತೆ ಹಾಸಿಗೆ ಹಿಡಿದು ಐದು ತಿಂಗಳಾಗಿದೆ.

ಹತ್ತು ಗಂಟೆಗೆ ಕಚೇರಿ. "ದಾರಿ ಇದೆಯಲ್ಲಮ್ಮ, ಮತ್ತೇನು?" ಎನ್ನುತ್ತಾರೆ ಅಧಿಕಾರಿ.

"ನಡ್ಕೊಂಡು ಹೋಗೋರಿಗೆ ಇದೆ ಸಾರ್. ಅಲ್ಲಿಗೆ ಹೋಗ್ಬೇಕಾದೋರು ನಡ್ಕೊಂಡು ಬರಲ್ಲ. ನಾಲ್ಕು ಜನ ಹೊತ್ಕೊಂಡು ಬರ್ತಾರೆ."

ಅಧಿಕಾರಿ ದನಿ ತಗ್ಗಿಸುತ್ತಾರೆ. "ಆಗಿದೆ ಅಂತ ಬರೆದ್ಬಿಡಿ. ನಿಮ್ಮ ಅತ್ತೆಯೋರ ಹೊತ್ತಿಗೆ ಒಂದು ದಿನ ಗೋದಾಮಿನ ಗೇಟು ತೆಗೆಸೋ ಜವಾಬ್ದಾರಿ ನಂದು."

ಮೀಟರಕ್ಕ ಪುಸ್ತಕ ಬಿಚ್ಚುತ್ತಾರೆ. ಸುಳ್ಳೇಕೆ, ಆಸೆಯಾಯಿತು ಎಂದು ಆಮೇಲೆ ಅವರೇ ಹೇಳುತ್ತಾರೆ. ಆದರೆ ಬರೆದದ್ದು ಮಾತ್ರ: "ಶಿಫಾರಸು 23. ಅಗಲ ಒಂದು ಮುಕ್ಕಾಲು ಅಡಿ. ಆಗಿಲ್ಲ."

ಮನೆಗೆ ಬಂದು ಅತ್ತೆಗೆ ಗಂಜಿ ಕುಡಿಸುತ್ತಾ ನಡೆದದ್ದನ್ನೆಲ್ಲ ಒಪ್ಪಿಸುತ್ತಾರೆ. ಸಿಗುತ್ತಿದ್ದ ಜಾಗವನ್ನು ಸೊಸೆಯೇ ಬೇಡವೆಂದು ಬಂದಿದ್ದಾಳೆ. ಬೈದರೂ ಬೈಯಲಿ ಎಂದು ಕಾಯುತ್ತಾರೆ.

ಅತ್ತೆ ಬಾಯಿ ಒರೆಸಿಕೊಳ್ಳುತ್ತಾರೆ. "ಕಳ್ಳಿ ಹಾಗೆ ಒಂದಿನ ಗೇಟು ತೆಗೆಸ್ಕೊಂಡು ಹೋಗ್ಲಾ? ನಿಮ್ಮ ಮಾವ ಒಳಗೇ ಸೇರಿಸಲ್ಲ. ದಾರಿ ಆಗ್ಲಿ, ಎಲ್ಲರ ಹಾಗೆ ಹೋಗ್ತೀನಿ."

ಮೀಟರಕ್ಕನಿಗೆ ಅಳುವೂ ನಗುವೂ ಒಟ್ಟಿಗೇ ಬರುತ್ತದೆ. ನಿಮಗೆ ಆಗಬೇಕಾದ್ದೇನು ಎಂದು ನಾವು ಕೇಳಿದರೆ, ಅತ್ತೆಯ ಹೊದಿಕೆ ಸರಿಮಾಡುತ್ತಾ ಅವರನ್ನೇ ನೋಡಿ ಹೇಳುತ್ತಾರೆ: "ದಾರಿ ಬೇಗ ಆಗ್ಲಿ. ನೀವು ಮಾತ್ರ ನಿಧಾನ ಮಾಡಿ, ಅತ್ತೆ."